ತಲೆಗೆ ಪೆಟ್ಟಾದವರ ನಿದ್ದೆ: ಇದು ಸೋಮಾರಿತನವಲ್ಲ



ಬೈಕಿನಿಂದಲೋ ಮರದಿಂದಲೋ ಬಿದ್ದು ತಲೆಗೆ ಜೋರು ಪೆಟ್ಟಾದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೆಂಗಸರಿಗೆ ಹೊಸ ಚಿಂತೆ ಶುರುವಾಗುತ್ತದೆ. "ಹಗಲೆಲ್ಲ ಮಲಗೇ ಇರ್ತಾರೆ, ರಾತ್ರಿ ಕಣ್ಣೇ ಮುಚ್ಚೋದಿಲ್ಲ." ನೋಡಲು ಬಂದ ನೆಂಟರು "ಸೋಮಾರಿಯಾದ" ಅಂತಾರೆ. ಇದು ಸೋಮಾರಿತನವಲ್ಲ, ಪೆಟ್ಟು ತಿಂದ ಮೆದುಳಿನ ಲಕ್ಷಣ.

ಹೀಗೇಕೆ ಆಗುತ್ತದೆ?

ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂದು ಹೇಳುವ ಗಡಿಯಾರ ನಮ್ಮ ಮೆದುಳಿನೊಳಗೇ ಇದೆ. ಬೆಳಕು, ಕತ್ತಲೆಗೆ ತಕ್ಕಂತೆ ಅದು ನಡೆಯುತ್ತದೆ. ಬಲವಾದ ಪೆಟ್ಟಿನಿಂದ ಈ ವ್ಯವಸ್ಥೆ ಕೆಟ್ಟರೆ ನಿದ್ದೆ ಹಗಲು ರಾತ್ರಿ ಎನ್ನದೆ ತುಂಡು ತುಂಡಾಗುತ್ತದೆ.

ಕೆನಡಾ ದೇಶದ ಮಾಂಟ್ರಿಯಲ್‌ನಲ್ಲಿ ತಲೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದ 30 ಮಂದಿಯ ಕೈಗೆ ವಾಚಿನಂಥ ಸಾಧನ ಕಟ್ಟಿ, ಅವರ ಅಲುಗಾಟವನ್ನು ಹಗಲು ರಾತ್ರಿ ದಾಖಲಿಸಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಪ್ರಜ್ಞೆ ಮತ್ತು ನೆನಪು ತಿಳಿಯಾಗುತ್ತ ಬಂದ ಹಾಗೆ ನಿದ್ದೆಯೂ ರಾತ್ರಿಗೆ ಕೂಡಿಕೊಳ್ಳುತ್ತ ಬಂದದ್ದು ಕಂಡಿತು. ಅಂದರೆ ನಿದ್ದೆ ಹದಕ್ಕೆ ಬರುವುದು ಚೇತರಿಕೆಯ ಒಳ್ಳೆಯ ಗುರುತು. ಇದಕ್ಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು.

ಮನೆಯಲ್ಲಿ ಏನು ಮಾಡಬಹುದು?

* ದಿನಾ ಒಂದೇ ಹೊತ್ತಿಗೆ ಎಬ್ಬಿಸಿ, ಒಂದೇ ಹೊತ್ತಿಗೆ ಮಲಗಿಸಿ.
* ಬೆಳಿಗ್ಗೆ ಜಗಲಿಯಲ್ಲಿ ಬೆಳಕಿಗೆ ಕೂರಿಸಿ. ರಾತ್ರಿ ದೀಪ, ಟಿ.ವಿ., ಮೊಬೈಲ್ ಆರಿಸಿ.
* ಹಗಲು ನಿದ್ದೆ ಬಂದರೆ ಬೈಯಬೇಡಿ. ಊಟದ ನಂತರ ಅರ್ಧ ಗಂಟೆ ಮಲಗಲಿ.
* ಸಂಜೆ ಮೇಲೆ ಕಾಫಿ, ಚಹಾ ಬೇಡ. ಮದ್ಯ ಯಾವಾಗಲೂ ಬೇಡ.
* ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ.
* ಫಿಟ್ಸ್ ಮಾತ್ರೆಯಿಂದ ಮಂಪರು ಬರಬಹುದು. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ.
* ಜೋರು ಗೊರಕೆಯ ನಡುವೆ ಉಸಿರು ನಿಂತಂತಾದರೆ ಅದನ್ನೂ ಹೇಳಿ.
* ಮಲಗಿದ, ಎದ್ದ ಹೊತ್ತನ್ನು ಪುಸ್ತಕದಲ್ಲಿ ಬರೆದಿಟ್ಟು ತಪಾಸಣೆಗೆ ಹೋಗುವಾಗ ಒಯ್ಯಿರಿ.

ತಡ ಮಾಡಬೇಡಿ

ಎಷ್ಟು ಕರೆದರೂ ಏಳದಿದ್ದರೆ, ಮಂಪರು ಇದ್ದಕ್ಕಿದ್ದಂತೆ ಹೆಚ್ಚಿದರೆ, ವಾಂತಿ, ಹೆಚ್ಚುತ್ತಿರುವ ತಲೆನೋವು, ಫಿಟ್ಸ್ ಅಥವಾ ಒಂದು ಕಡೆ ಕೈಕಾಲು ಸೋತರೆ ಅದು ಬರೀ ನಿದ್ದೆಯಲ್ಲ. ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ.

ನೋಡಿಕೊಳ್ಳುವವಳಿಗೂ ನಿದ್ದೆ ಬೇಕು

ರಾತ್ರಿಯಿಡೀ ಕಾವಲು ಕೂತು ಬೆಳಿಗ್ಗೆ ಒಲೆ ಹಚ್ಚುವ ಹೆಂಡತಿಯ ಅಥವಾ ತಾಯಿಯ ನಿದ್ದೆಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ನಿಮ್ಮ ಸಂಘದಲ್ಲಿ ಅಂಥ ಸದಸ್ಯೆ ಇದ್ದರೆ, ಸರದಿ ಹಾಕಿಕೊಂಡು ಮಧ್ಯಾಹ್ನ ಎರಡು ಗಂಟೆ ರೋಗಿಯ ಬಳಿ ಕೂರಿ. ಅಷ್ಟು ಹೊತ್ತು ಅವಳು ಮಲಗಲಿ. ಮುಂದಿನ ವಾರದ ಸಭೆಯಲ್ಲೇ ಈ ಮಾತು ಎತ್ತಿ.