ಆಲೂಗಡ್ಡೆಯ ನೊರೆ ಮತ್ತು ಪುಟ್ಟ ಚೀಲದ ಕಥೆ

ಕಳೆದ ಭಾನುವಾರ ಮೊಮ್ಮಗಳು ಶಾಲೆಯ ಪ್ರಯೋಗವೊಂದನ್ನು ನಮ್ಮ ಅಡುಗೆಮನೆಯಲ್ಲೇ ಮಾಡಿದಳು. ಹಸಿ ಆಲೂಗಡ್ಡೆಯ ಬಿಲ್ಲೆಯ ಮೇಲೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡನ್ನು ನಾಲ್ಕು ಹನಿ ಹಾಕಿದ್ದೇ ತಡ, ಬುಸ್ಸೆಂದು ನೊರೆ ಎದ್ದಿತು. "ಅಜ್ಜಿ, ಆಲೂಗಡ್ಡೆಗೆ ಸಿಟ್ಟು ಬಂತಾ?" ಎಂದಳು.

ಸಿಟ್ಟಲ್ಲ ಪುಟ್ಟಿ, ಅದು ಅದರ ಕೆಲಸ. ಜೀವಕೋಶದೊಳಗೆ ಪೆರಾಕ್ಸಿಸೋಮ್ ಎಂಬ ಪುಟ್ಟ ಚೀಲಗಳಿವೆ. ಸಾವಿರ ಚೀಲಗಳನ್ನು ಸಾಲಾಗಿ ಇಟ್ಟರೂ ಒಂದು ಮಿಲಿಮೀಟರ್ ದಾಟುವುದು ಕಷ್ಟ! ಅದರೊಳಗಿನ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡುತ್ತದೆ. ನೊರೆಯ ಗುಳ್ಳೆಗಳಲ್ಲಿ ಇರುವುದು ಆ ಆಮ್ಲಜನಕವೇ.

ಈ ಚೀಲಗಳು ನಮ್ಮ ಮೈಯಲ್ಲೂ ಇವೆ. 1954ರಲ್ಲಿ ಸ್ವೀಡನ್ನಿನ ಯೊಹಾನೆಸ್ ರೋದಿನ್ ಇಲಿಯ ಮೂತ್ರಪಿಂಡದಲ್ಲಿ ಇವನ್ನು ಕಂಡರು. ಕೆಲಸ ಗುರುತಿಸಿ ಹೆಸರಿಟ್ಟವರು ಬೆಲ್ಜಿಯಂನ ಕ್ರಿಸ್ಟಿಯನ್ ಡಿ ಡುವ್. 1974ರ ನೊಬೆಲ್ ಬಹುಮಾನ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಬಹಳ ಉದ್ದದ ಕೊಬ್ಬಿನಾಮ್ಲಗಳನ್ನು ತುಂಡರಿಸುವುದು, ನರಗಳ ಹೊದಿಕೆಗೆ ಬೇಕಾದ ವಿಶೇಷ ಕೊಬ್ಬಿನ ತಯಾರಿಕೆಗೆ ನಾಂದಿ ಹಾಡುವುದು ಈ ಚೀಲಗಳ ಕೆಲಸ.

ಆದರೆ ಚೀಲಕ್ಕೆ ಬೇಕಾದ ಕಿಣ್ವಗಳು ತಯಾರಾಗುವುದು ಹೊರಗೆ. ಪೆಕ್ಸ್5 ಎಂಬ ಪ್ರೋಟೀನು ಹಮಾಲಿಯಂತೆ ವಿಳಾಸಚೀಟಿ ನೋಡಿ ಅವನ್ನು ಹೊತ್ತು ತರುತ್ತದೆ. ಮೂಟೆ ಇಳಿಸಿದ ಹಮಾಲಿ ಬಾಗಿಲಲ್ಲೇ ಸಿಕ್ಕಿಕೊಂಡರೆ ಮುಂದಿನ ಮೂಟೆ ಬರುವುದು ಹೇಗೆ? ಅವನನ್ನು ಎಳೆದು ಹೊರತೆಗೆಯುವುದು ಪೆಕ್ಸ್1 ಮತ್ತು ಪೆಕ್ಸ್6. ತಲಾ ಮೂರು ಸೇರಿ ಉಂಗುರದಂತೆ ನಿಂತು ಈ ಕೆಲಸ ಮಾಡುತ್ತವೆ. ಪೆಕ್ಸ್1 ಎಂದರೆ 1283 ಅಮೈನೋ ಆಮ್ಲಗಳ ಸರಪಣಿ. ಅದನ್ನು ಹೆಣೆಯುವ ವಂಶವಾಹಿ ನಮ್ಮ 7ನೇ ವರ್ಣತಂತುವಿನಲ್ಲಿದೆ.

ಈ ಹೆಸರು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ನನ್ನ ತಂಗಿಯ ಚೊಚ್ಚಲ ಕೂಸಿಗೆ ಹುಟ್ಟುವಾಗಲೇ ಮೈಯಲ್ಲಿ ಬಿಗಿಯಿರಲಿಲ್ಲ, ಹಾಲು ಚೀಪುವ ಶಕ್ತಿಯಿರಲಿಲ್ಲ. ಐದು ತಿಂಗಳಿಗೆ ಹೊರಟುಹೋಯಿತು. ಗ್ರಹಣದ ದಿನ ಬಸುರಿ ಅಂಗಳಕ್ಕೆ ಬಂದಿದ್ದೇ ಕಾರಣವೆಂದು ಮನೆಯವರು ಆಡಿಕೊಂಡರು. ಹೇಳಲು ನಾಚಿಕೆಯಾಗುತ್ತದೆ, "ಅವತ್ತು ಹೊರಗೆ ಯಾಕೆ ಹೋದೆ?" ಎಂದು ನಾನೂ ಕೇಳಿಬಿಟ್ಟೆ.

ಆಮೇಲೆ ರಕ್ತಪರೀಕ್ಷೆಯ ಫಲಿತಾಂಶ ಹಿಡಿದು ವೈದ್ಯರು ತಿಳಿಸಿ ಹೇಳಿದರು. ಇದು ಜೆಲ್ವೆಗರ್ ಕಾಯಿಲೆ, ಪೆಕ್ಸ್1 ಕೆಟ್ಟಿದೆ. ಪ್ರತಿ ವಂಶವಾಹಿಯೂ ನಮಗೆ ಎರಡು ಪ್ರತಿ ಬರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟರೂ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಹಾಗಾಗಿ ತಂದೆತಾಯಿ ಆರೋಗ್ಯವಾಗಿಯೇ ಇರುತ್ತಾರೆ. ಎರಡೂ ಕೆಟ್ಟವೇ ಬಂದ ಮಗುವಿಗೆ ಮಾತ್ರ ಕಾಯಿಲೆ. ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ತಂಗಿ ಮದುವೆಯಾದದ್ದು ಸೋದರಮಾವನನ್ನು. ರಕ್ತಸಂಬಂಧದಲ್ಲಿ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ.

ಅಂದು ಸಂಜೆಯೇ ತಂಗಿಯ ಕೈ ಹಿಡಿದು ತಪ್ಪಾಯಿತೆಂದೆ. ಅವಳು ಮಾತಾಡಲಿಲ್ಲ, ತುಂಬಾ ಹೊತ್ತು ಅತ್ತಳು. ಮುಂದಿನ ಬಸಿರಿಗೆ ಮೊದಲು ದಂಪತಿ ತಳಿವಿಜ್ಞಾನದ ಸಲಹೆ ಪಡೆದರು. ಈಗ ಅವರ ಮಗ ಕಾಲೇಜಿಗೆ ಹೋಗುತ್ತಾನೆ.

ಮಕ್ಕಳೇ, ಆಲೂಗಡ್ಡೆಯ ಪ್ರಯೋಗವನ್ನು ದೊಡ್ಡವರ ಜೊತೆಯಲ್ಲೇ ಮಾಡಿ. ದ್ರಾವಣ ಕಣ್ಣಿಗೆ ತಾಗಬಾರದು. ಅಜ್ಜ ಅಜ್ಜಿಯರೇ, ಮನೆಯಲ್ಲಿ ಕೂಸಿಗೆ ಕಾಯಿಲೆಯಾದರೆ ತಾಯಿಯ ತಪ್ಪು ಹುಡುಕಬೇಡಿ. ಅವಳ ಪಕ್ಕದಲ್ಲಿ ಕೂತುಕೊಳ್ಳಿ.