ಸೀಗಡಿ ಪಾಸ್ತಾ: ಬೇಯಿಸುವುದು ಬೇಗ, ಕೊಳ್ಳುವುದು ನೋಡಿ

ಮೈಸೂರಿಗೆ ಸಮುದ್ರವಿಲ್ಲ, ಆದರೆ ಸಮುದ್ರದ ಮೀನಿಗೆ ಇಲ್ಲಿ ಬೇಡಿಕೆ ಕಡಿಮೆಯಿಲ್ಲ. ಮಂಗಳೂರು ಕಡೆಯಿಂದ ಸುಮಾರು 250 ಕಿ.ಮೀ. ದೂರ, ಘಟ್ಟ ಹತ್ತಿ ಬರುವ ಸೀಗಡಿ, ಬಂಗುಡೆ, ಅಂಜಲ್ ಭಾನುವಾರ ಬೆಳಿಗ್ಗೆ ಬೇಗನೆ ಖರ್ಚಾಗುತ್ತವೆ. ದಿನಸಿ ಅಂಗಡಿಗಳಲ್ಲೂ ಪಾಸ್ತಾ ಪೊಟ್ಟಣ ಸಿಗುವುದರಿಂದ, ಮಕ್ಕಳ ಒತ್ತಾಯಕ್ಕೆ ರಾತ್ರಿ ಸೀಗಡಿ ಪಾಸ್ತಾ ಮಾಡುವ ಮನೆಗಳೂ ಇವೆ. ಅರ್ಧ ಗಂಟೆಯೊಳಗೆ ಆಗುವ, ಹೆಚ್ಚು ಎಣ್ಣೆ ಬೇಡದ ಒಳ್ಳೆಯ ಊಟವಿದು. ಆದರೆ ಅದರ ಒಳಿತು ಕೆಡುಕು ಒಲೆಯ ಮೇಲಿನ ಅರ್ಧ ಗಂಟೆಗಿಂತ, ಮೀನು ನೀರಿನಿಂದ ನಿಮ್ಮ ಅಡುಗೆಮನೆಗೆ ಬರುವವರೆಗಿನ ಗಂಟೆಗಳನ್ನು ಹೆಚ್ಚು ಅವಲಂಬಿಸಿದೆ.

ಬೇಯಿಸಿದರೂ ಹೋಗದ ವಿಷ

‘ಚೆನ್ನಾಗಿ ಬೇಯಿಸಿದರೆ ಎಲ್ಲ ಸರಿಹೋಗುತ್ತದೆ’ ಎಂಬ ನಂಬಿಕೆ ಅನೇಕರಲ್ಲಿದೆ. ಇದು ಅರ್ಧ ಸತ್ಯ ಮಾತ್ರ. ಬೇಯುವ ಶಾಖಕ್ಕೆ ರೋಗಾಣುಗಳು ಬಹುಪಾಲು ಸಾಯುತ್ತವೆ ನಿಜ. ಆದರೆ ಅವು ಅದಕ್ಕೂ ಮೊದಲೇ ಉಂಟುಮಾಡಿದ ಕೆಲವು ವಿಷಗಳು ಹಾಗೆಯೇ ಉಳಿಯುತ್ತವೆ. ಬಂಗುಡೆ, ಭೂತಾಯಿ, ಟ್ಯೂನಾದಂಥ ಮೀನುಗಳನ್ನು ಮಂಜುಗಡ್ಡೆಯಿಲ್ಲದೆ ಹೊರಗಿಟ್ಟರೆ, ಅವುಗಳ ಮಾಂಸದಲ್ಲಿರುವ ಹಿಸ್ಟಿಡಿನ್ ಎಂಬ ಅಂಶವನ್ನು ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಈ ಹಿಸ್ಟಮಿನ್ ಕುದಿಸಿದರೂ, ಹುರಿದರೂ, ನಿಂಬೆರಸ ಹಿಂಡಿದರೂ ಹೋಗದು. ಮೀನು ನೋಡಲು ಚೆನ್ನಾಗಿಯೇ ಕಾಣಬಹುದು.

ಅಂಥ ಮೀನು ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗುವುದು, ತಲೆನೋವು, ತುರಿಕೆ, ಎದೆ ಡವಡವ, ಭೇದಿ ಕಾಣಿಸಿಕೊಳ್ಳುತ್ತವೆ. ‘ನನಗೆ ಮೀನು ಒಗ್ಗುವುದಿಲ್ಲ’ ಎಂದುಕೊಳ್ಳುವ ಕೆಲವರ ತೊಂದರೆಗೆ ಮೀನಲ್ಲ, ಮಂಜುಗಡ್ಡೆಯ ಕೊರತೆ ಕಾರಣವಿರಬಹುದು. ಸೀಗಡಿಯಲ್ಲಿ ಈ ವಿಷದ ಭಯ ಕಡಿಮೆ. ಆದರೆ ಅದು ಬಂಗುಡೆಗಿಂತಲೂ ಬೇಗ ಕೊಳೆಯುತ್ತದೆ.

ಕೊಳ್ಳುವಾಗ ನೋಡಬೇಕಾದ್ದು

ಸೀಗಡಿಯ ಚಿಪ್ಪು ಮೈಗೆ ಬಿಗಿಯಾಗಿ ಅಂಟಿರಬೇಕು. ತಲೆ ಸಡಿಲವಾಗಿ ಕಳಚಬಾರದು, ಕಪ್ಪಾಗಿರಬಾರದು. ಕಟುವಾದ ಅಮೋನಿಯಾ ವಾಸನೆ ಬಂದರೆ ಅಗ್ಗವಾದರೂ ಬೇಡ. ಮೀನಾದರೆ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ತಕ್ಷಣ ಮೇಲೇಳಬೇಕು. ಹಲಗೆಯ ಮೇಲೆ ಬರಿದೇ ಹರವಿಟ್ಟದ್ದಕ್ಕಿಂತ ಮಂಜುಗಡ್ಡೆಯಲ್ಲಿ ಹುದುಗಿದ್ದೇ ಮೇಲು. ಮಾರುಕಟ್ಟೆಯ ಬೇರೆ ಕೆಲಸವೆಲ್ಲ ಮುಗಿದ ಮೇಲೆ ಕೊನೆಗೆ ಮೀನು ಕೊಳ್ಳಿ. ನೇರವಾಗಿ ಮನೆಗೆ ತಂದು ಫ್ರಿಜ್‌ನಲ್ಲಿಡಿ.

ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ‘ಇವತ್ತೇ ಬಂದದ್ದು’ ಎಂಬ ಮಾತನ್ನು ಪೂರ್ತಿ ನಂಬದೆ, ಚೆನ್ನಾಗಿ ಹೆಪ್ಪುಗಟ್ಟಿಸಿದ ಪೊಟ್ಟಣವನ್ನೇ ಕೊಳ್ಳಬಹುದು. ಅದನ್ನು ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ಅಂಕಣದಲ್ಲಿಟ್ಟು ಕರಗಿಸಿ. ಅಡುಗೆಕಟ್ಟೆಯ ಮೇಲೆ ಗಂಟೆಗಟ್ಟಲೆ ಬಿಡಬೇಡಿ.

ಮಾಡುವ ಬಗೆ (ನಾಲ್ವರಿಗೆ)

ಬೇಕಾದದ್ದು: ಸಿಪ್ಪೆ ತೆಗೆದ ಸೀಗಡಿ 300 ಗ್ರಾಂ, ಗೋಧಿ ರವೆಯ ಪಾಸ್ತಾ 250 ಗ್ರಾಂ, ಟೊಮೆಟೊ 3, ಈರುಳ್ಳಿ 1, ಬೆಳ್ಳುಳ್ಳಿ 8 ಎಸಳು, ದೊಣ್ಣೆಮೆಣಸಿನಕಾಯಿ 1, ಒಂದು ಹಿಡಿ ಹುರುಳಿಕಾಯಿ, ಎಣ್ಣೆ 2 ದೊಡ್ಡ ಚಮಚ, ಕಾಳುಮೆಣಸಿನ ಪುಡಿ, ಕೊತ್ತಂಬರಿ ಸೊಪ್ಪು, ನಿಂಬೆ.

ಸೀಗಡಿಯ ಬೆನ್ನು ಸೀಳಿ ಕಪ್ಪು ನರ ತೆಗೆಯಿರಿ. ಅದು ನರವಲ್ಲ, ಅದರ ಕರುಳು. ತೊಳೆದು ಚಿಟಿಕೆ ಅರಿಸಿನ, ಉಪ್ಪು ಸವರಿಡಿ. ಎರಡೂವರೆ ಲೀಟರ್ ನೀರು ಕುದಿಸಿ, ಉಪ್ಪು ಹಾಕಿ ಪಾಸ್ತಾ ಬೇಯಲು ಬಿಡಿ. ಅದು ಎಂಟು ಹತ್ತು ನಿಮಿಷದಲ್ಲಿ ಬೇಯುವಷ್ಟರಲ್ಲಿ ಇನ್ನೊಂದು ಒಲೆಯ ಮೇಲೆ ಎಣ್ಣೆ ಕಾಯಿಸಿ ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ, ತರಕಾರಿ, ಟೊಮೆಟೊ ಹಾಕಿ ಮೆತ್ತಗಾಗಿಸಿ. ಕೊನೆಗೆ ಸೀಗಡಿ. ಮೂರು ನಾಲ್ಕು ನಿಮಿಷ ಸಾಕು. ಬೂದುಬಣ್ಣ ಹೋಗಿ ಎಲ್ಲ ಕಡೆ ನಸುಗೆಂಪಾಗಿ, ಒಳಗಿನ ಮಾಂಸ ಬಿಳಿಯಾದರೆ ಬೆಂದಿತೆಂದು ಅರ್ಥ. ಪ್ರೋಟೀನ್‌ಗೆ ಅಂಟಿಕೊಂಡಿದ್ದ ಕೆಂಪು ವರ್ಣದ್ರವ್ಯ ಶಾಖಕ್ಕೆ ಬಿಡುಗಡೆಯಾಗುವುದರಿಂದ ಈ ಬಣ್ಣ ಬರುತ್ತದೆ. ಹೆಚ್ಚು ಬೇಯಿಸಿದರೆ ರಬ್ಬರಿನಂತಾಗುತ್ತದೆ. ಪಾಸ್ತಾ ಬಸಿಯುವಾಗ ಅರ್ಧ ಲೋಟ ಗಂಜಿ ಉಳಿಸಿ, ಎರಡನ್ನೂ ಬಾಣಲೆಗೆ ಸೇರಿಸಿ ಕಲಸಿ. ಬೆಣ್ಣೆ, ಕೆನೆಯಿಲ್ಲದೆಯೇ ಸಾರು ಮಂದವಾಗುತ್ತದೆ. ಮೆಣಸಿನ ಪುಡಿ, ಕೊತ್ತಂಬರಿ ಉದುರಿಸಿ, ನಿಂಬೆ ಹಿಂಡಿ ಬಿಸಿಯಾಗಿ ಬಡಿಸಿ. ಪಾಸ್ತಾ ಇಲ್ಲದಿದ್ದರೆ ಶಾವಿಗೆಯೂ ಆದೀತು. ಅದು ಇನ್ನೂ ಬೇಗ ಬೇಯುತ್ತದೆ.

ಯಾರು ಎಚ್ಚರ ವಹಿಸಬೇಕು?

100 ಗ್ರಾಂ ಸೀಗಡಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದ್ದು, ಕೊಬ್ಬು ಒಂದು ಗ್ರಾಂ ಆಸುಪಾಸಿನಲ್ಲಿರುತ್ತದೆ. ಕೊಲೆಸ್ಟರಾಲ್ ಸುಮಾರು 150 ಮಿಲಿಗ್ರಾಂ ಇದೆಯೆಂದು ಹೆದರುವವರಿದ್ದಾರೆ. ಬಹುಪಾಲು ಜನರ ರಕ್ತದ ಕೊಲೆಸ್ಟರಾಲನ್ನು ಹೆಚ್ಚಾಗಿ ಏರಿಸುವುದು ತುಪ್ಪ, ಬೆಣ್ಣೆ, ಕೆನೆಗಳಲ್ಲಿರುವ ಪರ್ಯಾಪ್ತ ಕೊಬ್ಬು. ಹೃದ್ರೋಗಿಗಳು ವೈದ್ಯರನ್ನು ಕೇಳಿ ಮಿತವಾಗಿ ತಿನ್ನಬಹುದು. ಸಕ್ಕರೆ ಕಾಯಿಲೆ ಇರುವವರು ಪಾಸ್ತಾ ಕಡಿಮೆ ಮಾಡಿ ತರಕಾರಿ ಹೆಚ್ಚಿಸಲಿ. ರಕ್ತದೊತ್ತಡವಿದ್ದರೆ ಉಪ್ಪು ಹಿಡಿತದಲ್ಲಿರಲಿ.

ಸೀಗಡಿ ಅಲರ್ಜಿಯ ವಿಷಯ ಬೇರೆ. ಅದಕ್ಕೆ ಕಾರಣವಾದ ಪ್ರೋಟೀನ್ ಬೇಯಿಸಿದರೂ ನಾಶವಾಗದು. ಹಿಂದೆ ಒಮ್ಮೆಯಾದರೂ ತುಟಿ ಊದಿಕೊಂಡಿದ್ದರೆ ‘ಒಂದೇ ಒಂದು’ ಎಂದು ಪರೀಕ್ಷಿಸಬೇಡಿ. ತಿಂದ ಮೇಲೆ ಉಸಿರು ಕಟ್ಟುವುದು, ಗಂಟಲು ಬಿಗಿಯುವುದು ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಟ್ಟು, ಮಾರನೆಯ ದಿನ ಹಬೆಯಾಡುವಷ್ಟು ಬಿಸಿಮಾಡಿ ತಿಂದು ಮುಗಿಸಿ. ಬೇಸಿಗೆಯಲ್ಲಿ ಈ ನಿಯಮ ಇನ್ನೂ ಬಿಗಿಯಾಗಿರಲಿ. ಕೊಳ್ಳುವಾಗ ವಾಸನೆಯ ಬಗ್ಗೆ ಅನುಮಾನ ಬಂದರೆ ಅಂದು ತರಕಾರಿ ಪಾಸ್ತಾ ಮಾಡಿ. ಮೀನು ಇನ್ನೊಂದು ಭಾನುವಾರಕ್ಕಿರಲಿ.