ಮಿರಜಿಯ ಡಾಕ್ಟರ್ ವಾನ್‌ಲೆಸ್

‘ಮಿರಜಿಗೆ ಒಯ್ಯಬೇಕು’ ಎಂದು ಮನೆಯ ಹಿರಿಯರು ನುಡಿದರೆ ರೋಗವು ಬಲಿತಿದೆಯೆಂದು ನಾವು ತಿಳಿಯುತ್ತಿದ್ದೆವು. ಆಸೆ ಇನ್ನೂ ಉಳಿದಿದೆಯೆಂಬ ಅರ್ಥವೂ ಆ ಮಾತಿನಲ್ಲಿತ್ತು. ಬೆಳಗಾವಿಯ ಕಡೆಯಿಂದ ರೈಲಿನಲ್ಲಿಯೂ ಜತ್ತದ ಹಳ್ಳಿಗಳಿಂದ ಚಕ್ಕಡಿಯಲ್ಲಿಯೂ ಗಡಿನಾಡಿನ ಕನ್ನಡಿಗರು ಆ ಊರಿಗೆ ಬಂದರು. ಈ ನಂಬಿಕೆಗೆ ಬೀಜ ಬಿತ್ತಿದವರನ್ನು ನೆನೆಯುವುದು ನಮ್ಮ ಕರ್ತವ್ಯವಾಗಿದೆ.

ವಿಲಿಯಂ ಜೇಮ್ಸ್ ವಾನ್‌ಲೆಸ್ 1865ರಲ್ಲಿ ಕೆನಡಾದಲ್ಲಿ ಜನಿಸಿದರು. ನ್ಯೂಯಾರ್ಕಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತು, 1889ರಲ್ಲಿ ಮಿಶನ್ನಿನ ವೈದ್ಯರಾಗಿ ಭಾರತಕ್ಕೆ ಬಂದರು. ಮೊದಲು ಸಾಂಗಲಿಯಲ್ಲಿ ಚಿಕ್ಕದೊಂದು ದವಾಖಾನೆಯನ್ನು ನಡೆಸಿದರು. ಬಳಿಕ ಮಿರಜಿಯಲ್ಲಿ ನೆಲೆಸಿ, 1894ರಲ್ಲಿ ಆಸ್ಪತ್ರೆಯನ್ನು ತೆರೆದರು. ಅವರ ಶಸ್ತ್ರಚಿಕಿತ್ಸೆಯ ಕೀರ್ತಿಯು ಸಂಸ್ಥಾನಗಳ ಎಲ್ಲೆಯನ್ನು ದಾಟಿತು.

ಆದರೆ ಒಬ್ಬ ವೈದ್ಯನ ಎರಡು ಕೈಗಳು ಎಷ್ಟು ಜನರನ್ನು ಮುಟ್ಟಿಯಾವು? ವಾನ್‌ಲೆಸರು ಈ ಪ್ರಶ್ನೆಗೆ ಕೃತಿಯಿಂದಲೇ ಉತ್ತರವಿತ್ತರು. 1897ರಲ್ಲಿ ವೈದ್ಯಕೀಯ ಶಾಲೆಯನ್ನು ಆರಂಭಿಸಿ, ಈ ನೆಲದ ತರುಣರಿಗೇ ತಮ್ಮ ವಿದ್ಯೆಯನ್ನು ಧಾರೆಯೆರೆದರು. ಸಮಾಜವು ದೂರವಿರಿಸಿದ ಕುಷ್ಠರೋಗಿಗಳಿಗೂ, ಕ್ಷಯರೋಗಿಗಳಿಗೂ ಆಶ್ರಯವನ್ನು ಕಲ್ಪಿಸಿದರು. ಸಾಂಗಲಿ-ಮಿರಜಿಗಳ ನಡುವಣ ವಾನ್‌ಲೆಸವಾಡಿಯು ಅವರ ಹೆಸರನ್ನು ಹೊತ್ತಿದೆ.

1928ರಲ್ಲಿ ಅವರಿಗೆ ‘ಸರ್’ ಪದವಿಯು ದೊರೆಯಿತು. ಅದೇ ವರ್ಷ ನಿವೃತ್ತರಾಗಿ ಮಿರಜಿಯನ್ನು ಬಿಟ್ಟರು. 1933ರಲ್ಲಿ ಅಮೆರಿಕದಲ್ಲಿ ಕಾಲವಾದರು. 1962ರಲ್ಲಿ ಇದೇ ಊರಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಸ್ಥಾಪನೆಯಾಯಿತು.

ರಾಜ್ಯಗಳ ಗಡಿಗಳು ಬದಲಾದವು, ಸಂಸ್ಥಾನಗಳು ಅಳಿದವು. ರೋಗಿಯ ನರಳಾಟಕ್ಕೆ ಮಾತ್ರ ಮರಾಠಿಯೆಂದಾಗಲಿ ಕನ್ನಡವೆಂದಾಗಲಿ ಭೇದವಿಲ್ಲ. ಅದನ್ನರಿತು ನಡೆದವರ ಋಣವು ನಮ್ಮ ಎಷ್ಟೋ ಮನೆಗಳ ಮೇಲಿದೆ.